ಗೆಲ್ಲುವ ಹೊತ್ತಿಗೆ ಕಣದಿಂದ ಇಳಿದ ಬಸ್ ಚಾಲಕಿ

ಕ್ಯೋಟೋದ ಉತ್ತರ ಅಂಚಿನ ಬಸ್ ಡಿಪೋದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಬಿಳಿ ಕೈಗವಸು ತೊಟ್ಟ ಚಾಮುಂಡೇಶ್ವರಿ ಕಚೇರಿಯ ಕಿಟಕಿ ಪಕ್ಕದ ಸಣ್ಣ ಯಂತ್ರದೊಳಕ್ಕೆ ಜೋರಾಗಿ ಉಸಿರು ಬಿಡುತ್ತಾರೆ. ಕುಡಿದಿಲ್ಲ ಎಂದು ಯಂತ್ರ ಹಸಿರು ದೀಪ ತೋರಿಸುತ್ತದೆ. "ನಿದ್ದೆ ಆಯಿತಾ?" ಎಂದು ಒಳಗೆ ಕೂತ ಮೇಲ್ವಿಚಾರಕ ಜಪಾನಿಯಲ್ಲಿ ಕೇಳುತ್ತಾರೆ. ಎಲ್ಲ ಚಾಲಕರಿಗೂ ದಿನಾ ಕೇಳುವ ಪ್ರಶ್ನೆ. ಉಳಿದವರು ನಡೆಯುತ್ತಲೇ "ಹಾಯ್", ಅಂದರೆ ಹೌದು, ಅಂದು ಹೋಗುತ್ತಾರೆ. ಇವರು ನಿಲ್ಲುತ್ತಾರೆ, ಒಂದು ಗಳಿಗೆ ಯೋಚಿಸುತ್ತಾರೆ, ಆಮೇಲೆ ಉತ್ತರ ಕೊಡುತ್ತಾರೆ.

ನಂಜನಗೂಡಿನ ಈ ಹೆಣ್ಣುಮಗಳು ಓಡಿಸುವುದು ಬೆಟ್ಟದ ತಪ್ಪಲಿನ ಬಡಾವಣೆಗಳಿಂದ ರೈಲು ನಿಲ್ದಾಣಕ್ಕೆ ಹೋಗುವ ಬಸ್ಸು. ಆಸ್ಪತ್ರೆಗೆ ಹೊರಟ ಮುದುಕರು, ಶಾಲೆಯ ಮಕ್ಕಳು, ಆಫೀಸಿನವರು ಹತ್ತುತ್ತಾರೆ. ತಿರುವು ಬಂದಾಗಲೆಲ್ಲ ಇಲ್ಲಿನ ಚಾಲಕರ ಪದ್ಧತಿಯಂತೆ ಬೆರಳು ತೋರಿಸಿ "ಬಲಗಡೆ ಸರಿ, ಎಡಗಡೆ ಸರಿ" ಎಂದು ಜಪಾನಿಯಲ್ಲಿ ತಮಗೆ ತಾವೇ ಹೇಳಿಕೊಳ್ಳುತ್ತಾರೆ. ನಾನು ಹಿಂದಿನ ಸೀಟಿನಲ್ಲಿದ್ದೇನೆ. ಕೆಂಪು ದೀಪಕ್ಕೆ ನಿಂತಾಗ ಅವರು ಬಾಯಿಗೆ ಕೈ ಅಡ್ಡ ಇಟ್ಟು ಆಕಳಿಸುತ್ತಾರೆ. ಒಡನೆಯೇ ಬೆನ್ನು ನೆಟ್ಟಗೆ ಮಾಡಿ ಕನ್ನಡಿಯಲ್ಲಿ ಎಲ್ಲರ ಮುಖ ನೋಡುತ್ತಾರೆ.

ಗಂಡ ಶ್ರೀಹರಿ ಭತ್ತದ ತಳಿಗಳ ಸಂಶೋಧನೆಗೆಂದು ಇಲ್ಲಿನ ವಿಶ್ವವಿದ್ಯಾಲಯಕ್ಕೆ ಬಂದಾಗ ಇವರೂ ಜೊತೆಗೆ ಬಂದರು. ಮೊದಲು ಕೊಂಬಿನಿಯಲ್ಲಿ, ಅಂದರೆ ಹಗಲುರಾತ್ರಿ ತೆರೆದಿರುವ ಅಂಗಡಿಯಲ್ಲಿ, ಸಾಮಾನು ಜೋಡಿಸುವ ಕೆಲಸ. ಒಂದು ದಿನ ಬಸ್ಸಿನ ಬೆನ್ನ ಮೇಲೆ "ಚಾಲಕರು ಬೇಕಾಗಿದ್ದಾರೆ, ಹೆಂಗಸರಿಗೂ ಸ್ವಾಗತ" ಎಂಬ ಜಾಹೀರಾತು ಕಂಡಿತು. "ಊರಲ್ಲಿ ನಮ್ಮಪ್ಪನ ಲಗೇಜ್ ಗಾಡಿ ಓಡಿಸ್ತಿದ್ದೆ. ಇದೊಂಚೂರು ಉದ್ದ ಅಷ್ಟೇ ಅಂದ್ಕೊಂಡೆ" ಎಂದು ನಗುತ್ತಾರೆ. ಜಪಾನಿ ಓದಲು ಕಲಿತು ಪರೀಕ್ಷೆ ಪಾಸಾಗುವಷ್ಟರಲ್ಲಿ ಮಗಳು ತಾರಾ ಶಾಲೆಗೆ ಸೇರಿದ್ದಳು.

ಜಪಾನಿನಲ್ಲಿ ಬಸ್ ಚಾಲಕರ ಕೊರತೆ ದೊಡ್ಡದು. ಇರುವವರ ಮೇಲೇ ಹೊರೆ. ಸಂಜೆ ತಡವಾಗಿ ಗಾಡಿಯಿಂದ ಇಳಿದವರು ಬೆಳಗಾಗುವ ಮುಂಚೆ ಮತ್ತೆ ಸ್ಟೀರಿಂಗ್ ಹಿಂದೆ ಕೂರುತ್ತಾರೆ. ಈ ವಿಚಾರ ಇಟ್ಟುಕೊಂಡೇ ಚಾಮುಂಡೇಶ್ವರಿ ಹೋದ ವರ್ಷ ಸುತ್ತಲ ಊರುಗಳ ಚಾಲಕರ ಒಕ್ಕೂಟದ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಮೊದಲು ಊರೂರಿನಲ್ಲಿ ಪ್ರಾಥಮಿಕ ಸುತ್ತು, ಅದರಲ್ಲಿ ಮುಂದಿರುವ ಇಬ್ಬರ ನಡುವೆ ಅಂತಿಮ ಚುನಾವಣೆ. ಕ್ಯೋಟೋದಲ್ಲೂ ಒಸಾಕಾದಲ್ಲೂ ಇವರೇ ಮುಂದೆ. ಉಳಿದದ್ದು ಕೋಬೆ. ಅಲ್ಲಿ ಮತದಾನಕ್ಕೆ ಮೊದಲೇ ಕಣದಿಂದ ಹಿಂದೆ ಸರಿದರು.

ನಾನಿರುವ, ಇಲ್ಲಿಂದ ದೂರದ ಇಚಿಕಾವಾ ಊರಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಆಗ ಬಗೆಬಗೆಯ ಮಾತು. ಹೊರದೇಶದವಳೆಂದು ಬೆದರಿಸಿರಬೇಕು ಎಂದರು ಕೆಲವರು. ಗಂಡ ಬೇಡ ಅಂದಿರಬೇಕು ಎಂದರು ಇನ್ನು ಕೆಲವರು. ಕಾರಣ ಕೇಳಲೆಂದೇ ನಾನು ಕ್ಯೋಟೋಗೆ ಬಂದಿದ್ದೇನೆ.

ಡಿಪೋ ಹಿಂದಿನ ವಿಶ್ರಾಂತಿ ಕೋಣೆಯಲ್ಲಿ ಫ್ಲಾಸ್ಕಿನ ಕಾಫಿ ಬಗ್ಗಿಸುತ್ತಾ ಅವರು ಹೇಳುತ್ತಾರೆ. ಅಭ್ಯರ್ಥಿಗಳಿಗೆ ಬೇರೆ ರಜೆ ಇಲ್ಲ. ವಾರದ ರಜೆಯಲ್ಲೇ ಪ್ರಚಾರ. ಡಿಪೋದಿಂದ ಡಿಪೋಗೆ ಓಡಾಟ, ಮನೆಗೆ ಬಂದ ಮೇಲೆ ಫೋನು. "ನಿದ್ದೆ ಬೇಕು ಅಂತ ಭಾಷಣ ಮಾಡೋಕೆ ನಿದ್ದೆ ಬಿಡ್ತಿದ್ದೆ" ಎನ್ನುತ್ತಾರೆ.

ಒಂದು ಬೆಳಗ್ಗೆ ಇಳಿಜಾರಿನ ರಸ್ತೆಯಲ್ಲಿ ಬಸ್ಸು ಮೆಲ್ಲಗೆ ಇಳಿಯುತ್ತಿತ್ತು. "ಕಣ್ಣು ಮುಚ್ಚಿದ್ದು ನಂಗೆ ಗೊತ್ತೇ ಆಗ್ಲಿಲ್ಲ. ತೆರೆದಾಗ ಎದುರಿಗೆ ಜೀಬ್ರಾ ಕ್ರಾಸಿಂಗು. ಒಬ್ಬ ಅಜ್ಜಿ ತಳ್ಳುಗಾಡಿ ಹಿಡ್ಕೊಂಡು ಅರ್ಧ ದಾರೀಲಿ. ಬ್ರೇಕ್ ತುಳ್ದೆ. ಹತ್ರ, ಬಹಳ ಹತ್ರ ಹೋಗಿ ನಿಂತಿತು. ಆಯಮ್ಮ ನಂಗೇ ತಲೆ ಬಗ್ಗಿಸಿ ವಂದನೆ ಮಾಡ್ಬಿಟ್ಟು ಹೋದ್ರು. ದಾರಿ ಬಿಟ್ಟಿದ್ದಕ್ಕೆ!"

ಯಾರಿಗೂ ಏನೂ ಆಗಲಿಲ್ಲ. ಹಿಂದೆ ಕೂತವರು "ಸುಮಿಮಾಸೆನ್" ಎಂದು ಇವರು ಕ್ಷಮೆ ಕೋರಿದ್ದು ಕೇಳಿಸಿಕೊಂಡು ಮತ್ತೆ ಫೋನು ನೋಡತೊಡಗಿದರು. ಕೊನೆಯ ನಿಲ್ದಾಣದಲ್ಲಿ ಇಳಿದ ಮೇಲೆ ಮಾತ್ರ ಇವರು ಬಸ್ಸಿನ ಚಕ್ರಕ್ಕೆ ಒರಗಿ ಕೂತುಬಿಟ್ಟರು.

ಮೊದಲು ಫೋನು ಮಾಡಿದ್ದು ಮೊರಿಟಾ ಸಾನ್‌ಗೆ. ನಿವೃತ್ತಿಯ ಅಂಚಿನಲ್ಲಿದ್ದ ಈ ಚಾಲಕರೇ ಇವರ ಪ್ರಚಾರದ ಬೆನ್ನೆಲುಬು. "ಯಾರೂ ನೋಡಿಲ್ಲ ತಾನೆ? ಕೋಬೆ ಮುಗಿಯುವವರೆಗೆ ಸುಮ್ಮನಿರು. ನೀನು ಗೆದ್ದರೆ ಎಲ್ಲ ಚಾಲಕರಿಗೂ ನಿದ್ದೆ ಸಿಗುತ್ತದೆ" ಎಂದರಂತೆ ಅವರು.

"ಅವ್ರು ಹೇಳಿದ್ದು ತಪ್ಪಲ್ಲ. ಎರಡು ದಿನ ಸುಮ್ನಿದ್ದೆ ಕೂಡ. ಆದ್ರೆ ಗಾಡಿ ಹತ್ತಿದ್ಮೇಲೆ ಕಣ್ಣೆಲ್ಲ ಜೀಬ್ರಾ ಕ್ರಾಸಿಂಗ್ ಮೇಲೇ. ದಾರಿ ದಾಟೋರೆಲ್ಲ ಆ ಅಜ್ಜೀನೇ. ಮೂರನೇ ದಿನ ಹೋಗಿ ಮೇಲ್ವಿಚಾರಕರ ಹತ್ರ ಹೇಳ್ಬಿಟ್ಟೆ."

ಇವರನ್ನು ಗಾಡಿಯಿಂದ ಇಳಿಸಿ ವೈದ್ಯರ ಬಳಿ ಕಳಿಸಿದರು. ಕಾಯಿಲೆ ಏನೂ ಸಿಗಲಿಲ್ಲ. ದಣಿವು, ಅಷ್ಟೇ. "ಕಾಯಿಲೆ ಇದ್ದಿದ್ರೆ ಮಾತ್ರೆ ನುಂಗಬಹುದಿತ್ತು. ಇದಕ್ಕೇನು ಮಾಡ್ತೀರಾ? ಬಸ್ಸು ಬಿಡಬೇಕು, ಇಲ್ಲ ಎಲೆಕ್ಷನ್ ಬಿಡಬೇಕು."

ಹಿಂದೆ ಸರಿಯುವ ಹೇಳಿಕೆಯಲ್ಲಿ 'ಮನೆಯ ಕಾರಣ' ಎಂದು ಬರೆದುಕೊಟ್ಟರು ಮೊರಿಟಾ ಸಾನ್. ಕೋಬೆಯ ಸಭೆಯಲ್ಲಿ ಆ ಕಾಗದ ಓದದೆ ಇವರು ನಡೆದದ್ದನ್ನೇ ಹೇಳಿದರು. ಎದುರಾಳಿಯ ಕಡೆಯವರೊಬ್ಬರು "ಇಂಥವರಿಗೆ ಬಸ್ಸು ಕೊಟ್ಟಿದ್ದೇ ತಪ್ಪು" ಎಂದು ಗೊಣಗಿದರು. ಆಗ ಹಿಂದಿನ ಸಾಲಿನಲ್ಲಿ ಒಬ್ಬ ನಡುವಯಸ್ಸಿನ ಚಾಲಕ ಎದ್ದು ನಿಂತು, "ನನಗೂ ಆಗಿದೆ. ಹೆದರಿ ಹೇಳಿರಲಿಲ್ಲ" ಎಂದರು. ಇನ್ನೊಬ್ಬರು ಎದ್ದರು. ಕಿಟಕಿ ಪಕ್ಕದ ಹೆಂಗಸೊಬ್ಬರು ಕೂತಲ್ಲೇ ಕೈ ಎತ್ತಿದರು. ಕೊನೆಗೆ ಮೊರಿಟಾ ಸಾನ್ ಕೂಡ ಎದ್ದು ನಿಂತರು. "ಅವ್ರು ನಿಂತಾಗ ನಂಗೆ ಅಳು ತಡೆಯಕ್ಕಾಗ್ಲಿಲ್ಲ" ಎನ್ನುತ್ತಾರೆ ಚಾಮುಂಡೇಶ್ವರಿ.

ಅಧ್ಯಕ್ಷರಾಗಿ ಬೇರೆಯವರು ಗೆದ್ದರು. ವಿಶ್ರಾಂತಿಯ ಹೊತ್ತು ಹೆಚ್ಚಿಸುವ ಮಾತುಕತೆ ಶುರುವಾಗಿದೆ, ಮುಗಿದಿಲ್ಲ. ಕೆಲವು ತಿಂಗಳು ಕಚೇರಿಯಲ್ಲಿ ಕೂತಿದ್ದ ಇವರಿಗೆ ಮತ್ತೆ ಅದೇ ದಾರಿಯ ಬಸ್ಸು ಕೊಟ್ಟಿದ್ದಾರೆ. ಭಯ ಹೋಗಿಲ್ಲ. ರಾತ್ರಿ ಊಟವಾದ ಕೂಡಲೇ ಮಲಗಲೇಬೇಕು ಎಂಬ ಆತಂಕದಲ್ಲೇ ಎಷ್ಟೋ ಸಲ ನಿದ್ದೆ ಹತ್ತುವುದಿಲ್ಲ. ಅಂಥ ಬೆಳಗ್ಗೆ ಡಿಪೋ ಕಚೇರಿಯ ಕಿಟಕಿಯಲ್ಲಿ "ಇವತ್ತು ಆಗಲ್ಲ" ಎನ್ನುತ್ತಾರೆ. ಆ ದಿನದ ಪಾಳಿ ಇನ್ನೊಬ್ಬರ ಹೆಗಲಿಗೆ ಬೀಳುತ್ತದೆ. ಆ ಸಂಕಟ ಬೇರೆ.

ಮತ್ತೆ ಚುನಾವಣೆಗೆ ನಿಲ್ಲುತ್ತೀರಾ ಎಂದು ಕೇಳುತ್ತೇನೆ. ತಲೆ ಅಲ್ಲಾಡಿಸಿ ಮಗಳ ಮಾತು ತೆಗೆಯುತ್ತಾರೆ. ಹೈಸ್ಕೂಲಿನ ತಾರಾ ಮೊದಲೆಲ್ಲ ಅಮ್ಮನ ಬಸ್ಸಿಗೇ ಕಾದು ಹತ್ತುತ್ತಿದ್ದಳಂತೆ. ಈಗ ಮಳೆ ಬಂದರೂ ಸೈಕಲ್ಲು. ಕೇಳಿದರೆ "ಇಟ್ಸ್ ಫೈನ್, ಅಮ್ಮಾ" ಅನ್ನುತ್ತಾಳೆ.

"ಬೈಯಲ್ಲ, ಏನೂ ಅನ್ನಲ್ಲ. ಹೆದರಿದಾಳೆ ಪಾಪ" ಎಂದು ಚಾಮುಂಡೇಶ್ವರಿ ಕೈಗವಸು ಏರಿಸಿಕೊಳ್ಳುತ್ತಾರೆ. ಮುಂದಿನ ಪಾಳಿಗೆ ಹೊತ್ತಾಗಿದೆ. "ನಂಗೆ ಅಧ್ಯಕ್ಷಗಿರಿ ಬೇಡ ಇವ್ರೇ. ಒಂದಿನ ಅವ್ಳು ನನ್ ಬಸ್ ಹತ್ಬೇಕು. ಬ್ಯಾಗ್ ತಬ್ಕೊಂಡು, ಕಿಟಕಿಗೆ ತಲೆ ಆನಿಸ್ಕೊಂಡು, ಸ್ಟಾಪ್ ಬರೋವರ್ಗೂ ಗೊರಕೆ ಹೊಡೀಬೇಕು."