ಮಂಗ ಮುಟ್ಟದ ಎಣ್ಣೆಕಾಳು

ಸೌದಿಯ ಖಮೀಸ್ ಮುಶೈತ್‌ನ ಹೊರಗೆ ನನ್ನ ಕಫೀಲನಿಗೆ, ಅಂದರೆ ವೀಸಾ ಕೊಟ್ಟ ಧಣಿಗೆ, ಒಂದು ತೋಟವಿದೆ. ಬಾವಿಯ ಪಂಪಿಗೆ ಪೇಟೆಯಿಂದ ಡೀಸೆಲ್ ತಂದು ತಂದು ಸಾಕಾಗಿದ್ದ ಆ ಮುದುಕನಿಗೆ, ಗದ್ದೆಯಲ್ಲೇ ಎಣ್ಣೆಕಾಳು ಬೆಳೆದು ಬಯೋಡೀಸೆಲ್ ಮಾಡುವ ಹುಚ್ಚು ಹಿಡಿಯಿತು. ಅವನ ಟಯರ್ ಅಂಗಡಿಯಲ್ಲಿ ಕೂತು ಬೇಸತ್ತಿದ್ದ ನಾನು ತಕ್ಷಣ ಕೈ ಎತ್ತಿದೆ. ಉಡುಪಿ ಕಡೆಯವನು ನಾನು, ಮಣ್ಣು ಕಂಡರೆ ಕೈ ತುರಿಸುತ್ತದೆ.

"ನಿನ್ನ ಎಣ್ಣೆ ಬೆರೆಸಿ ಪಂಪ್ ಓಡಿದರೆ ಗದ್ದೆ ನಿನ್ನ ಕೈಯಲ್ಲೇ ಇರಲಿ. ಓಡದಿದ್ದರೆ ನೀನು ವಾಪಸ್ ಟಯರಿಗೆ," ಎಂದ.

ಸೂರ್ಯಕಾಂತಿ ಹಾಕಿದೆ. ಹೂ ಬಂದದ್ದೇನು, ಬೀಜ ತುಂಬಿದ್ದೇನು! ಕೊಯ್ದು ಶೆಡ್ಡಿನ ತಾರಸಿಯಲ್ಲಿ ಒಣಗಲು ಹರವಿದೆ. ನಮ್ಮ ಮನೆಯಲ್ಲಿ ಕೊಬ್ಬರಿ ಒಣಹಾಕಿದರೆ ಕಾಗೆ ಬಾರದಂತೆ ಪಕ್ಕದಲ್ಲೊಂದು ಹಳೆಯ ಕಪ್ಪು ಕೊಡೆ ಬಿಡಿಸಿಡುವುದು ರೂಢಿ. ಇಲ್ಲೂ ಇಟ್ಟೆ. ಆದರೆ ಇಲ್ಲಿನ ಬೆಟ್ಟದಲ್ಲಿರುವುದು ನಾಯಿಮೂತಿಯ ಮಂಗಗಳ ದಂಡು. ಮಧ್ಯಾಹ್ನದ ನಮಾಝ್ ಮುಗಿಸಿ ಬಂದು ನೋಡಿದರೆ, ಅಯ್ಯೋ, ತಾರಸಿ ತುಂಬ ಬರೀ ಸಿಪ್ಪೆ! ದಂಡಿನ ಯಜಮಾನ ನನ್ನ ಕೊಡೆಯ ನೆರಳಲ್ಲೇ ಆರಾಮಾಗಿ ಕೂತು ಕೊನೆಯ ಹೂವಿನ ಬೀಜ ಬಿಡಿಸುತ್ತಿದ್ದ.

ನನ್ನ ಹೆಂಡತಿ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ಸುಸ್ತಾಗಿ ಬಂದವಳು ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎಂತ ಮಾರ್ರೆ, ಊಟವೂ ಬಡಿಸಿ ಕೊಡೆಯೂ ಹಿಡಿದ್ರಾ?"

ನನಗೆ ಮೈಯೆಲ್ಲ ಉರಿಯಿತು. "ನಗ್ಬೇಡ! ಇನ್ನು ನನಗೆ ಟಯರ್ ಅಂಗಡಿಯೇ ಗತಿ."

ಅವಳ ನಗು ನಿಂತಿತು. "ಅಲ್ಲ, ಆ ಮಂಗಗಳು ತಿನ್ನದ್ದು ಅಲ್ಲಿ ಎಂತದೂ ಇಲ್ವಾ?"

ಇತ್ತು. ತೋಟದ ಬದಿಯ ಹಳ್ಳದಲ್ಲಿ ಹರಳೆಣ್ಣೆ ಕೊಡುವ ಹರಳು ಗಿಡಗಳು ತಾವಾಗಿ ಬೆಳೆದು ನಿಂತಿದ್ದವು. ಒಂದು ಕಾಯನ್ನೂ ಮಂಗ ಮುಟ್ಟಿರಲಿಲ್ಲ.

ಕಫೀಲನಿಗೆ ನಡೆದದ್ದನ್ನೆಲ್ಲ ಹೇಳಿ ಇನ್ನೊಂದು ಬೆಳೆಗೆ ಅವಕಾಶ ಬೇಡಿದೆ. "ಇದೇ ಕೊನೆ," ಎಂದ. ಹರಳು ಬಿತ್ತಿದೆ. ಕಾಯಿ ಬಲಿತಾಗ ಮಂಗಗಳು ಬಂದವು. ಒಂದು ಗೊಂಚಲು ಕಿತ್ತು, ಮೂಸಿ, ಬಿಸಾಡಿ, ನನ್ನನ್ನೇ ಬೈಯುವ ಹಾಗೆ ಕಿರುಚಿ ಹೋದವು. ನಾನು ಬದುವಿನ ಮೇಲೆ ನಿಂತು ಕುಣಿದೆ.

ಎಣ್ಣೆ ಹಿಂಡಿಸಿ, ಗ್ಲಿಸರಿನ್ ಬೇರೆ ಮಾಡಿ, ಬಂದ ಬಯೋಡೀಸೆಲನ್ನು ಮಾಮೂಲಿ ಡೀಸೆಲಿಗೆ ಬೆರೆಸಿ ಪಂಪಿಗೆ ಹಾಕಿದೆ. ಹ್ಯಾಂಡಲ್ ತಿರುಗಿಸಿದರೆ ಒಂದಿಷ್ಟು ಹೊಗೆ ಉಗುಳಿ ನಿಂತೇಬಿಟ್ಟಿತು. ಮುದುಕ ನನ್ನನ್ನು ಪಕ್ಕಕ್ಕೆ ಸರಿಸಿ, "ಯಲ್ಲಾ!" ಎಂದು ತಾನೇ ತಿರುಗಿಸಿದ. ಎಂಜಿನ್ ಕೆಮ್ಮಿತು, ಹಿಡಿಯಿತು, ಪೈಪಿನಿಂದ ನೀರು ಭೋರೆಂದು ಬಿತ್ತು. ನನ್ನ ಕಣ್ಣು ತುಂಬಿ ಬಂತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಅಷ್ಟು ಖುಷಿಯಾಗಿತ್ತು.

ಮುದುಕ ಆ ನೀರಲ್ಲೇ ಮುಖ ತೊಳೆದುಕೊಂಡ. "ಗದ್ದೆ ನಿನ್ನ ಕೈಗೆ. ಆದರೆ ಬೆಟ್ಟದ ಬದಿಯ ಮೂಲೆಯಲ್ಲಿ ಸ್ವಲ್ಪ ಸೂರ್ಯಕಾಂತಿಯೂ ಇರಲಿ."

"ಯಾರಿಗೆ?"

"ನಿನಗೆ ಹರಳು ತೋರಿಸಿಕೊಟ್ಟವರಿಗೆ," ಎಂದು ಬೆಟ್ಟದ ಕಡೆ ಕೈ ಮಾಡಿದ.

ಈ ಸಲವೂ ಹಾಕಿದ್ದೇನೆ. ಕೊಡೆಯನ್ನೂ ಆ ಮೂಲೆಯಲ್ಲೇ ಬಿಡಿಸಿಟ್ಟಿದ್ದೇನೆ.