ನಾಲ್ಕೇ ದಿನ ಓಡಿದ ಸಿನಿಮಾ

ಆ ಸಿನಿಮಾ ಗಂಗಾವತಿಯಲ್ಲಿ ನಾಲ್ಕೇ ದಿನ ಓಡಿತು. ನಾನು ಬಸ್ ಕಂಡಕ್ಟರ್. ರಜೆಯ ದಿನ ನನ್ನ ಬಸ್ಸಿನ ಡ್ರೈವರ್ ಜೊತೆ ಮ್ಯಾಟ್ನಿಗೆ ಹೋದಾಗ ಥಿಯೇಟರಿನಲ್ಲಿ ಹತ್ತು ಜನರೂ ಇರಲಿಲ್ಲ. ಕೊಲೆ ಕೇಸಿನಲ್ಲಿ ಗಲ್ಲಿಗೆ ಹೋಗಲಿರುವ ಒಬ್ಬನ ಕಥೆ. ಅವನನ್ನು ಗುರುತಿಸಿದ ಹಾಲಿನವನು ನಿಜಕ್ಕೂ ನೋಡಿದ್ದು ಅಂಗಿಯನ್ನು, ಮುಖವನ್ನಲ್ಲ. ಅದು ಬಯಲಾಗುವ ಹೊತ್ತಿಗೆ ಗಲ್ಲು ಆಗಿಹೋಗಿರುತ್ತದೆ.

ಹೊರಗೆ ಮಿರ್ಚಿ ತಿನ್ನುತ್ತ ಡ್ರೈವರ್ ಬೈಯತೊಡಗಿದ.

"ಏನ್ ಪಿಚ್ಚರ್ ಲೇ ಇದು! ಕೊಂದಾಂವ ಯಾರಂತ ಕಡೀತನಾ ಹೇಳಲಿಲ್ಲ."

"ಹೇಳಿದ್ರ ನೀ ಆರಾಮ ಮನಿಗೆ ಹೋಗಿ ಮಲಗ್ತಿದ್ದಿ ಅಣ್ಣ. ಈಗ ಆ ಹಾಲಿನಾಂವ ತಲ್ಯಾಗ ಉಳದಾನಲ್ಲ, ಅದಕ್ಕ ಪಿಚ್ಚರ್ ಛಲೋ ಐತಿ."

"ಅವನೇನ್ ಮಾಡ್ಯಾನ? ಪೊಲೀಸರು ಕೇಳಿದ್ರು, ಹೇಳಿದ."

"ಖಾತ್ರಿ ಇಲ್ಲದ್ದನ್ನ ಖಾತ್ರಿ ಐತಿ ಅಂದ!"

ನನ್ನ ದನಿ ಏರಿತ್ತು. ಡ್ರೈವರ್ ನನ್ನನ್ನೇ ನೋಡಿದ. "ಮುಂದಿನ ವಾರ ಕೊಪ್ಪಳ ಕೋರ್ಟಿಗೆ ಹೋಗೂದೈತಲ್ಲ, ಅದರ ಚಿಂತಿ ಹತ್ತೇತೇನು?"

ಹೌದು, ಅದೇ. ಎರಡು ವರ್ಷದ ಹಿಂದೆ ನಮ್ಮ ರೂಟಿನ ಸಿದ್ದಾಪುರದ ಕಡೆ ಒಬ್ಬ ಮುದುಕಿಯ ಕೊಲೆಯಾಗಿತ್ತು. ಆ ಸಂಜೆ ಗಾಯದ ಕೈಗೆ ಟವೆಲ್ ಸುತ್ತಿಕೊಂಡವನೊಬ್ಬ ನಮ್ಮ ಬಸ್ಸು ಹತ್ತಿದ್ದ. ಆಮೇಲೆ ಪೊಲೀಸರು ಒಬ್ಬನನ್ನು ತೋರಿಸಿ ಕೇಳಿದಾಗ, ಡ್ಯೂಟಿಗೆ ಹೊತ್ತಾಯಿತೆಂದು "ಹೌದ್ರಿ, ಇವನ" ಎಂದುಬಿಟ್ಟಿದ್ದೆ. ನನಗೆ ನೆನಪಿದ್ದದ್ದು ಟವೆಲ್ ಮಾತ್ರ. ಅವನಿಗೆ ಗಲ್ಲೇ ಆಗಬೇಕೆಂದು ಬಸ್ಸಿನಲ್ಲಿ ಜನ ಮಾತಾಡುವಾಗ ಟಿಕೆಟ್ ಮಶೀನ್ ನೋಡುತ್ತ ನಿಲ್ಲುತ್ತಿದ್ದೆ.

ಆ ವಾರ ಸ್ಟಾಪ್ ಬಂದರೂ ಸೀಟಿ ಊದುವುದು ಮರೆಯುತ್ತಿದ್ದೆ.

"ಮದಲ ಹೇಳಿದ್ದನ್ನ ಹೇಳಿ ಬರ್ರಿ," ಎಂದಳು ಹೆಂಡತಿ. "ಪೊಲೀಸರ ಕೂಡ ವೈರ ಯಾಕ ಬೇಕು?"

ಕೊಪ್ಪಳ ಕೋರ್ಟಿನಲ್ಲಿ ಕಟಕಟೆ ಹತ್ತಿದೆ. ಸರ್ಕಾರಿ ವಕೀಲರು ಆರೋಪಿಯನ್ನು ತೋರಿಸಿದರು. ಅವನೇ ಇರಬಹುದು. ಇಲ್ಲದೆಯೂ ಇರಬಹುದು.

"ಕೈಗೆ ಟವೆಲ್ ಸುತ್ತಿದ್ದಾಂವ ಹತ್ತಿದ್ದು ಖರೇರಿ. ಮುಖ ಖಾತ್ರಿ ಇಲ್ರಿ."

"ಪೊಲೀಸರ ಮುಂದ ಬ್ಯಾರೆ ಹೇಳೀರಲ್ಲ?"

"ಗಡಿಬಿಡಿಯೊಳಗ ಹೇಳಿದ್ದೆರಿ. ತಪ್ಪಾತ್ರಿ."

ಹೊರಗೆ ಬಂದಾಗ ಮುದುಕಿಯ ಮಗಳು ಎದುರಿಗೇ ನಿಂತಿದ್ದಳು. "ಎಷ್ಟ ರೊಕ್ಕ ತಿಂದಿ ಅಣ್ಣಾ?" ಎಂದಳು. ನಾನು ತಲೆ ತಗ್ಗಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದೆ.

ಬೇರೆ ಸಾಕ್ಷಿಗಳ ಮೇಲೆ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಡ್ರೈವರ್ ಪೇಪರ್ ತಂದು ತೋರಿಸಿದ.

"ನೋಡು, ಅವನ ಮಾಡ್ಯಾನ. ಆ ಪಿಚ್ಚರ್ ನೋಡಿ ನೀ ಕೆಟ್ಟಿ."

"ಇರಬಹುದು ಅಣ್ಣ. ಆದ್ರೂ ನಾ ಅವನ ಮುಖ ನೋಡಿದ್ದಿಲ್ಲ. ಪಿಚ್ಚರ್ ಹೇಳಿದ್ದೂ ಅಷ್ಟ."

ಅವನು ಗಾಡಿ ಚಾಲೂ ಮಾಡಿದ.

ಮುಂದೆ ಕೆಲವು ತಿಂಗಳಿಗೆ ಸಿದ್ದಾಪುರದಲ್ಲಿ ಆ ಮುದುಕಿಯ ಮಗಳು ನಮ್ಮ ಬಸ್ಸು ಹತ್ತಿದಳು. ನನ್ನ ಕಡೆ ನೋಡದೆ ಆಧಾರ್ ಕಾರ್ಡ್ ಚಾಚಿದಳು. ಫ್ರೀ ಟಿಕೆಟ್ ಕೊಟ್ಟೆ. ಗಂಗಾವತಿ ಬರುವತನಕ ಬಾಗಿಲ ಹತ್ತಿರವೇ ಕಂಬಿ ಹಿಡಿದು ನಿಂತಿದ್ದೆ.