ರುದ್ರಮೂರ್ತಿ ಖಾಲಿ ಮಾಡಿಕೊಟ್ಟ ಕಂಪ್ಯೂಟರ್

ಅಜ್ಜಂಪುರದ ಕಡೆ ಯಾರ ಮನೆಯ ಕಂಪ್ಯೂಟರ್ ಮುಗ್ಗರಿಸಿದರೂ ಮೊದಲು ನೆನಪಾಗುವ ಹೆಸರು ರುದ್ರಮೂರ್ತಿಯದು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವನದೊಂದು ರಿಪೇರಿ ಅಂಗಡಿ. ಮೊದಲು ರೇಡಿಯೋ, ಆಮೇಲೆ ಟೀವಿ, ಈಗ ಕಂಪ್ಯೂಟರ್. ಅಂಗಡಿಯ ಬೋರ್ಡು ಬದಲಾಯಿತೇ ಹೊರತು ಮನುಷ್ಯ ಬದಲಾಗಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಹಾಗಂತ ಕೆಟ್ಟವನೇನಲ್ಲ. ಕರೆದ ಕಡೆಗೆ ಹೋಗುತ್ತಿದ್ದ, ಬಿಚ್ಚಿದ್ದನ್ನು ಜೋಡಿಸದೆ ಏಳುತ್ತಿರಲಿಲ್ಲ, ಕಾಫಿ ಕೊಟ್ಟರೆ ಅದನ್ನೇ ದೊಡ್ಡ ಮರ್ಯಾದೆ ಎಂದುಕೊಳ್ಳುತ್ತಿದ್ದ.

ಅವನ ಬಳಿ ಎಲ್ಲ ಕಾಯಿಲೆಗೂ ಒಂದೇ ಮದ್ದು. ಅದು ಮೆಮೊರಿ ಆಪ್ಟಿಮೈಸರ್ ಎಂಬ ಪ್ರೋಗ್ರಾಮು. ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕಿದ್ದು. ಅದನ್ನು ಹಾಕಿ ಒತ್ತಿದರೆ ಪರದೆಯ ಮೇಲೊಂದು ದೊಡ್ಡ ಚಕ್ರ ಬರುತ್ತಿತ್ತು. ಮೆಮೊರಿ ತುಂಬಿದ್ದರೆ ಚಕ್ರ ಕೆಂಪು. ಗುಂಡಿ ಒತ್ತಿದರೆ ಗರಗರ ತಿರುಗಿ, ತೊಂಬತ್ತು ಇದ್ದದ್ದು ನಲವತ್ತಕ್ಕೆ ಇಳಿದು, ಹಸಿರಾಗಿ ನಿಲ್ಲುತ್ತಿತ್ತು. ನೋಡುವವರಿಗೆ ತಮ್ಮ ಎದೆಯ ಭಾರವೇ ಇಳಿದ ಹಾಗಾಗುತ್ತಿತ್ತು. ಈ ಸೀಮೆಯಲ್ಲಿ ಅಮಾವಾಸ್ಯೆ ಬಂದರೆ ತಕ್ಕಡಿ, ಬೈಕು, ಟ್ರ್ಯಾಕ್ಟರು ಎಲ್ಲವನ್ನೂ ತೊಳೆದು, ಕುಂಕುಮ ಇಟ್ಟು, ನಿಂಬೆಹಣ್ಣು ಕಟ್ಟುವುದುಂಟು. ರುದ್ರಮೂರ್ತಿ ಆ ಪಟ್ಟಿಗೆ ಕಂಪ್ಯೂಟರನ್ನೂ ಸೇರಿಸಿಬಿಟ್ಟ. ಅಮಾವಾಸ್ಯೆಯ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಗಾಡಿ ಹತ್ತಿ, ತರೀಕೆರೆಯವರೆಗೂ ಹೋಗಿ ಗಿರಾಕಿಗಳ ಕಂಪ್ಯೂಟರ್ ಖಾಲಿ ಮಾಡಿ ಬರುತ್ತಿದ್ದ. ಪೂಜೆಯ ಹೂವು ಮಾನಿಟರಿನ ಮೇಲೆ ಇರುವಾಗಲೇ ಚಕ್ರ ತಿರುಗಬೇಕು. ಜನ ಅದಕ್ಕೆ 'ರುದ್ರಮೂರ್ತಿ ಹರಳೆಣ್ಣೆ' ಎಂದು ಹೆಸರಿಟ್ಟಿದ್ದರು. ಅವನಿಗೆ ಆ ಹೆಸರಿನ ಮೇಲೆ ಸಿಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ತಾಯಿ ಕಾಶಮ್ಮ ತಿಂಗಳಿಗೊಮ್ಮೆ ಮೂಗು ಹಿಡಿದು ಹರಳೆಣ್ಣೆ ಕುಡಿಸುತ್ತಿದ್ದಳು. ಹೊಟ್ಟೆ ಖಾಲಿಯಾದರೆ ಮಗು ಚುರುಕು, ಮೆಮೊರಿ ಖಾಲಿಯಾದರೆ ಮಿಷನ್ನು ಚುರುಕು. ಇದರಲ್ಲಿ ಕೇಳುವುದೇನಿದೆ?

ಕೇಳುವವಳು ಮನೆಯಲ್ಲೇ ಇದ್ದಳು. ಮಗಳು ಅಶ್ವಿನಿ ತರೀಕೆರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು.

"ಅಪ್ಪಾಜಿ, ಮೆಮೊರಿ ಇರೋದೇ ತುಂಬ್ಲಿ ಅಂತ. ಅಮ್ಮ ಒಲೆ ಪಕ್ಕ ಸಾಸಿವೆ ಡಬ್ಬಿ, ಉಪ್ಪು, ಎಣ್ಣೆ ಇಟ್ಕೊಂಡಿರ್ತಾರೆ. ನಿಮ್ಮ ಆಪ್ಟಿಮೈಸರ್ ಬಂದು ಅದನ್ನೆಲ್ಲ ಅಟ್ಟದ ಮೇಲೆ ಹಾಕಿ, ನೋಡಿ ಕಟ್ಟೆ ಖಾಲಿ ಆಯ್ತು ಅನ್ನುತ್ತೆ. ಅಮ್ಮ ಒಗ್ಗರಣೆಗೆ ಮತ್ತೆ ಏಣಿ ಹತ್ತಬೇಕು. ಅದ್ರಿಂದ ಅಡುಗೆ ಬೇಗ ಆಗುತ್ತಾ?"

"ನಿನ್ನ ಪುಸ್ತಕದ ಬದನೆಕಾಯಿ ನೀನೇ ಬೇಯಿಸ್ಕೋ," ಎನ್ನುತ್ತಿದ್ದ ರುದ್ರಮೂರ್ತಿ. "ಕಣ್ಣಿಗೆ ಕಾಣ್ತಾ ಐತಲ್ಲೇ, ನಲವತ್ತಕ್ಕೆ ಇಳಿಯೋದು!"

"ಇಳಿದ್ರೆ ಏನು ಬಂತು? ಆಮೇಲೆ ಅದು ತಾನೇ ಯಾವ ಪ್ರೋಗ್ರಾಮ್ ಬೇಕು, ಯಾವುದು ಬೇಡ ಅಂತ ತೀರ್ಮಾನ ಮಾಡಿ ಮುಚ್ಚುತ್ತೆ. ಅದಕ್ಕೇನು ಗೊತ್ತು ನಮ್ಮ ಬೇಕು ಬೇಡ?"

ಈ ಜಗಳ ದೋಸೆಯ ಜೊತೆ ಚಟ್ನಿ ಇದ್ದ ಹಾಗೆ ಆ ಮನೆಯಲ್ಲಿ ಸದಾ ಇರುತ್ತಿತ್ತು. ಹೆಂಡತಿ ವಿಮಲಮ್ಮ ಇಬ್ಬರಿಗೂ ತಲೆಯಾಡಿಸಿ ತನ್ನ ಕೆಲಸ ನೋಡಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಮನೆಗೆ ಒಂದು ಸಂತೋಷ, ಒಂದು ಸಂಕಟ ಒಟ್ಟಿಗೆ ಬಂದವು. ಅಶ್ವಿನಿಗೆ ಕಡೂರಿನ ಹುಡುಗನೊಬ್ಬನ ಜೊತೆ ಮದುವೆ ಗೊತ್ತಾಯಿತು. ಅದೇ ಸಮಯಕ್ಕೆ ಕಾಶಮ್ಮನ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಶಿವಮೊಗ್ಗದ ಡಾಕ್ಟರು ಹೇಳಿದರು. ಪ್ರಾಣಕ್ಕೆ ಭಯವಿಲ್ಲ, ಮಾತು ಮಾತ್ರ ಬರುವುದಿಲ್ಲ. ಮದುವೆಯವರೆಗೆ ಕಾಯುವ ಹಾಗೂ ಇರಲಿಲ್ಲ.

ಕಾಶಮ್ಮನ ಮಾತು ನಿಲ್ಲುವುದೆಂದರೆ ಸಣ್ಣ ವಿಷಯವಲ್ಲ. ಸಖರಾಯಪಟ್ಟಣದಿಂದ ಸೊಸೆಯಾಗಿ ಬಂದವಳು, ಬಂದಾಗಿನಿಂದ ಈ ಊರಿನ ಹೆಣ್ಣು ಒಪ್ಪಿಸುವ ಹಾಡೆಲ್ಲ ಅವಳದೇ. ಮದುವೆ ಮುಗಿದು ಹುಡುಗಿಯ ಕೈಯನ್ನು ಗಂಡಿನ ಮನೆಯವರ ಕೈಗೆ ಇಡುವಾಗ ಕಾಶಮ್ಮ ಹಾಡಲು ನಿಂತರೆ ಗಂಡಸರೂ ಕಂಬದ ಮರೆಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದರು. ಯಾರೋ ಕಟ್ಟಿಕೊಟ್ಟ ಪದವಲ್ಲ ಅದು. ಆಯಾ ಹುಡುಗಿಯ ಹೆಸರು, ಅವಳ ಹಠ, ಅವಳು ಬಿದ್ದು ಎದ್ದದ್ದು, ಅವಳಿಗೆ ಇಷ್ಟವಾದ ತಿಂಡಿ, ಎಲ್ಲ ಸೇರಿಸಿ ಆ ಗಳಿಗೆಯಲ್ಲೇ ಕಟ್ಟುತ್ತಿದ್ದಳು. ಒಬ್ಬಳಿಗೆ ಹಾಡಿದ್ದು ಇನ್ನೊಬ್ಬಳಿಗಿಲ್ಲ. ಊರಿಗೆಲ್ಲ ಹಾಡಿದವಳು ಸ್ವಂತ ಮೊಮ್ಮಗಳ ಮದುವೆಯಲ್ಲಿ ಮೂಕಿಯಾಗಿ ಕೂರಬೇಕಲ್ಲ ಎಂದು ವಿಮಲಮ್ಮ ಒಬ್ಬಳೇ ಅಡುಗೆಮನೆಯಲ್ಲಿ ಅತ್ತಳು.

ಮುಂಚೆಯೇ ಹಾಡಿಸಿ ರೆಕಾರ್ಡ್ ಮಾಡಿಟ್ಟುಕೊಳ್ಳೋಣ ಎಂದವನು ರುದ್ರಮೂರ್ತಿಯೇ. ಕಾಶಮ್ಮ ಬಹಳ ಹೊತ್ತು ಯೋಚಿಸಿ ಒಪ್ಪಿಕೊಂಡಳು.

"ಆದ್ರೆ ಒಂದು ಮಾತು. ಒಪ್ಸೋದು ಅಂದ್ರೆ ಒಂದೇ ಸಲ ಕಣೋ. ಎರಡ್ನೇ ಸಲ ಒಪ್ಪಿಸಿದ್ರೆ ಹೆಣ್ಣು ತವರಿಗೆ ವಾಪಸ್ ಬಂದಂಗೆ. ಇನ್ನೊಂದ್ಸಲ ಹಾಡು ಅಂತ ಕೇಳ್ಬೇಡ. ಆ ಹುಡುಗಿ ಕಿವಿಗೂ ಈಗ್ಲೇ ಬೀಳಬಾರ್ದು."

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಭಾನುವಾರ. ಅಶ್ವಿನಿಯನ್ನು ಅಜ್ಜಿಯ ಹೆಸರಲ್ಲಿ ಹಣ್ಣುಕಾಯಿ ಮಾಡಿಸಿಕೊಂಡು ಬಾ ಎಂದು ಅಂತರಘಟ್ಟೆಯ ಅಮ್ಮನ ಗುಡಿಗೆ ಕಳಿಸಿದರು. ಹೊರಡುವ ಮುಂಚೆ ಅವಳು, "ಮೊಬೈಲಲ್ಲೂ ಒಂದು ರೆಕಾರ್ಡ್ ಇಟ್ಕೊಳ್ಳಿ ಅಪ್ಪಾಜಿ," ಎಂದಳು. ರುದ್ರಮೂರ್ತಿಗೆ ಅವಮಾನವಾಯಿತು. ಇದಕ್ಕೆಂದೇ ಹೊಸ ಮೈಕು ತರಿಸಿದ್ದ. ಮೊಬೈಲ್ ರಿಂಗಾದರೆ ಕೆಲಸ ಕೆಡುತ್ತದೆಂದು ಮನೆಯ ಮೊಬೈಲುಗಳನ್ನೆಲ್ಲ ಆಫ್ ಮಾಡಿಸಿದ. ನಾಯಿ ಬೊಗಳದಂತೆ, ಯಾರೂ ಗೇಟು ತೆಗೆಯದಂತೆ ನೋಡಿಕೊಳ್ಳಲು ವಿಮಲಮ್ಮನನ್ನು ಬೀದಿ ಬಾಗಿಲಲ್ಲಿ ಕೂರಿಸಿ, ಕೋಣೆಯ ಬಾಗಿಲು ಕಿಟಕಿಯನ್ನೆಲ್ಲ ಭದ್ರವಾಗಿ ಮುಚ್ಚಿದ. ಅವ್ವನ ಧ್ವನಿಗೆ ಜಾಗ ಸಾಲದೆ ಹೋದೀತೆಂದು ಆಪ್ಟಿಮೈಸರನ್ನು ತಾನೇ ತಾನಾಗಿ ಕೆಲಸ ಮಾಡುವಂತೆ ಇಟ್ಟ. ಹೂವು ಇಟ್ಟು, ಊದುಬತ್ತಿ ಹಚ್ಚಿ, ರೆಕಾರ್ಡಿಂಗ್ ಶುರು ಮಾಡಿದ. ಅದರ ಮೇಲೆ ಚಕ್ರವನ್ನು ಪರದೆ ತುಂಬ ತೆರೆದು ಕುಳಿತ.

ಕಾಶಮ್ಮ ಮೊದಲು ಸೋಬಾನೆ ಹಾಡಿದಳು. ಆಮೇಲೆ ತೊಟ್ಟಿಲ ಹಾಡು. ಮಧ್ಯೆ ಬಿಸಿನೀರು ಕುಡಿದಳು. ರುದ್ರಮೂರ್ತಿ ರೆಕಾರ್ಡಿಂಗ್ ನಿಲ್ಲಿಸಲಿಲ್ಲ, ಎಲ್ಲ ಮುಗಿದ ಮೇಲೆ ಒಟ್ಟಿಗೆ ಸೇವ್ ಮಾಡಿದರಾಯಿತು ಎಂದುಕೊಂಡ. ಕೊನೆಗೆ ಅವಳು ಸೆರಗು ಹೊದ್ದು, ನೆಟ್ಟಗೆ ಕೂತು, ಒಪ್ಪಿಸುವ ಹಾಡು ಎತ್ತಿದಳು.

ಚಕ್ರ ಎಂಬತ್ತು ದಾಟಿತ್ತು. ಎಂಬತ್ತಾರು, ಎಂಬತ್ತೊಂಬತ್ತು. ರುದ್ರಮೂರ್ತಿ ಚಕ್ರದಿಂದ ಕಣ್ಣು ಕೀಳಲಿಲ್ಲ. ಈಗ ಮಿಷನ್ ನಿಂತರೆ? ಚಕ್ರ ಕೆಂಪಾಯಿತು. ತೊಂಬತ್ತೊಂದು, ತೊಂಬತ್ತನಾಲ್ಕು. ಅವನು ಮನಸ್ಸಿನಲ್ಲೇ ಅಂತರಘಟ್ಟಮ್ಮನಿಗೆ ಕೈ ಮುಗಿದ. ಅದೇ ಗಳಿಗೆಗೆ ಚಕ್ರ ಗರಗರ ತಿರುಗಿ, ಸರ್ರನೆ ಮೂವತ್ತೆಂಟಕ್ಕೆ ಇಳಿದು, ಹಸಿರಾಯಿತು. ಅವನಿಗೆ ಹೋದ ಜೀವ ಬಂತು, ನಗುವೂ ಬಂತು. ಕಾಶಮ್ಮ ಅರೆಗಳಿಗೆ ನಿಲ್ಲಿಸಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಏನೂ ತೊಂದರೆಯಿಲ್ಲ, ಹಾಡವ್ವ ಎಂದು ಅವನು ಕೈ ಮಾಡಿದ. ಅವಳು ಮತ್ತೆ ಹಾಡಿದಳು. ತುಂಬ ಹೊತ್ತು ಹಾಡಿದಳು. ಕೊನೆಗೆ ಧ್ವನಿ ಒಡೆದು, ಗಾಳಿ ಮಾತ್ರ ಬಂದು, ನಿಂತಿತು.

"ಆಯ್ತು ಕಣೋ ರುದ್ರ," ಎಂದು ಪಿಸುಗುಟ್ಟಿದಳು. "ಒಪ್ಪಿಸ್ಬಿಟ್ಟೆ ನನ್ನ ಮಗೀನ."

ರುದ್ರಮೂರ್ತಿ ಸೇವ್ ಮಾಡಲು ಚಕ್ರವನ್ನು ಪಕ್ಕಕ್ಕೆ ಸರಿಸಿದ. ಹಿಂದೆ ಏನೂ ಇರಲಿಲ್ಲ. ತೆಂಗಿನ ತೋಟದ ಚಿತ್ರವೊಂದಿತ್ತು, ಅದನ್ನು ಅವನೇ ಪರದೆಗೆ ಹಾಕಿದ್ದ. ರೆಕಾರ್ಡಿಂಗ್ ಪ್ರೋಗ್ರಾಮೇ ಇರಲಿಲ್ಲ. ಒಂದು ಕ್ಷಣ ತಾನು ಯಾವುದನ್ನು ಹುಡುಕುತ್ತಿದ್ದೇನೆ ಎಂಬುದೇ ಅವನಿಗೆ ಮರೆತುಹೋಯಿತು. ಮೌಸ್ ಹಿಡಿದ ಕೈ ಹಿಡಿದ ಹಾಗೆಯೇ ಇತ್ತು. ಆ ಪ್ರೋಗ್ರಾಮನ್ನು ಮತ್ತೆ ತೆರೆದ. ಹೊಸ ಸ್ಲೇಟಿನ ಹಾಗೆ ಬರಿದಾಗಿ ತೆರೆಯಿತು. ಆಪ್ಟಿಮೈಸರ್ ಏನೇನು ಮಾಡಿದೆ ಎಂಬ ಪಟ್ಟಿ ತೆರೆದು ನೋಡಿದ. ಅತಿ ಹೆಚ್ಚು ಜಾಗ ಹಿಡಿದಿದ್ದ ಪ್ರೋಗ್ರಾಮನ್ನು ಆಪ್ಟಿಮೈಸರ್ ಮುಚ್ಚಿತ್ತು. ಅತಿ ಹೆಚ್ಚು ಜಾಗ ಹಿಡಿದಿದ್ದದ್ದು ಅವ್ವನ ಧ್ವನಿ. ಅದು ಹೋದ ಗಳಿಗೆಯಲ್ಲಿ ಅವನು ನಕ್ಕಿದ್ದ.

ಅಶ್ವಿನಿ ಪ್ರಸಾದ ಹಿಡಿದು ಬರುವಷ್ಟರಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿತ್ತು. ವಿಷಯ ತಿಳಿದು ಅವಳ ಮುಖವೂ ಬಿಳಿಚಿಕೊಂಡಿತು. ಆದರೆ ಧೈರ್ಯಗೆಡಲಿಲ್ಲ.

"ತಡೀರಿ, ಸುಮ್ನಿರಿ. ರೆಕಾರ್ಡ್ ಆಗ್ತಾ ಆಗ್ತಾ ಅದು ಟೆಂಪರರಿ ಫೋಲ್ಡರಲ್ಲಿ ತುಂಡು ತುಂಡು ಬರೆದಿಟ್ಟಿರುತ್ತೆ. ಕರೆಂಟ್ ಹೋದ್ರೂ ಅದು ಸಿಗುತ್ತೆ. ಸಿಕ್ಕೇ ಸಿಗುತ್ತೆ."

ರುದ್ರಮೂರ್ತಿ ಮಗಳ ಕುರ್ಚಿಯ ಹಿಂದೆ ನಿಂತು ಉಸಿರು ಬಿಗಿ ಹಿಡಿದ. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳ ಮಾತು ನಿಜವಾಗಲಿ ಎಂದು ಬೇಡಿಕೊಂಡ. ಅವಳು ಒಂದೊಂದೇ ಫೋಲ್ಡರ್ ತೆರೆದಳು. ಆಮೇಲೆ ಅವಳ ಬೆರಳು ನಿಂತುಹೋಯಿತು. ಫೋಲ್ಡರ್ ಖಾಲಿ. ಅದೇ ಹೊತ್ತಿಗೆ ಮೂಲೆಯಿಂದ ಆಪ್ಟಿಮೈಸರಿನ ಪುಟ್ಟ ಕಿಟಕಿಯೊಂದು ಮೇಲೆದ್ದು, ಪಟಾಕಿ ಹಾರಿಸಿ, ಅಭಿನಂದನೆ ಹೇಳಿತು. ನಿಮ್ಮ ಮೆಮೊರಿ ಖಾಲಿ ಮಾಡಿದ್ದೇವೆ, ಬೇಡದ ಕಸವನ್ನೂ ಗುಡಿಸಿ ಹಾಕಿದ್ದೇವೆ ಎಂಬುದು ಅದರ ಒಕ್ಕಣೆ.

ಅಳಿಸಿದ್ದನ್ನು ಹಿಂದಕ್ಕೆ ತರುವ ಪ್ರೋಗ್ರಾಮುಗಳನ್ನು ಅಶ್ವಿನಿ ಮಧ್ಯಾಹ್ನದವರೆಗೂ ಓಡಿಸಿದಳು. ಒಂದು ಸೊಲ್ಲೂ ಸಿಗಲಿಲ್ಲ. ಅವಳು ಅಪ್ಪನನ್ನು ಬಯ್ಯಲಿಲ್ಲ, ನಾನು ಹೇಳಿರಲಿಲ್ಲವೇ ಎನ್ನಲಿಲ್ಲ. ಅದು ಅವನಿಗೆ ಬೈಗುಳಕ್ಕಿಂತ ಜೋರಾಗಿ ತಾಗಿತು. ಹಿಂದೆ ಗಿರಾಕಿಗಳು ಫೋನ್ ಮಾಡಿ, ಬರೀತಾ ಇದ್ದದ್ದು ತಾನಾಗೇ ಮುಚ್ಚಿಹೋಯ್ತು ಎಂದಾಗಲೆಲ್ಲ, ನೀವೇ ಏನೋ ಒತ್ತಿರ್ತೀರಿ ಎಂದು ಗದರಿಸುತ್ತಿದ್ದ. ಅವೆಲ್ಲ ಈಗ ಸಾಲಾಗಿ ಬಂದು ಎದುರಿಗೆ ನಿಂತವು. ಎಷ್ಟು ಮನೆಯಲ್ಲಿ ಹೂವಿಟ್ಟು ಇದನ್ನೇ ಮಾಡಿ ಬಂದಿದ್ದೇನೆ ಎಂದು ನೆನೆಯುತ್ತ ಮಾನಿಟರಿನ ಮೇಲಿನ ಹೂವನ್ನು ತೆಗೆದು ಕೆಳಗಿಟ್ಟ.

ಕೊನೆಗೆ ಹೇಳಲೇಬೇಕಾಯಿತು. ಕಾಶಮ್ಮ ನಡುಮನೆಯ ಮಂಚದ ಮೇಲೆ ಒರಗಿದ್ದಳು, ಪಕ್ಕದಲ್ಲಿ ಆಸ್ಪತ್ರೆಗೆ ಕಟ್ಟಿಟ್ಟ ಚೀಲವಿತ್ತು. ರುದ್ರಮೂರ್ತಿ ಅವಳ ಕಾಲ ಬಳಿ ಕುಸಿದು, "ಅವ್ವಾ, ಹೋಯ್ತು ಕಣವ್ವಾ. ಎಲ್ಲ ಹೋಯ್ತು. ನನ್ನ ಕೈಯಾರೆ ಹಾಳು ಮಾಡ್ಬಿಟ್ಟೆ," ಎಂದ. ಅವನ ಹಿಂದೆ ಅಶ್ವಿನಿ, ವಿಮಲಮ್ಮ ಇಬ್ಬರೂ ನಿಂತಿದ್ದರು. ಇನ್ನೊಂದು ಸಲ ಹಾಡು ಎಂದು ಕೇಳಲು ಅವನಿಗೆ ನಾಲಿಗೆ ಏಳಲಿಲ್ಲ. ಕೇಳಿದ್ದರೂ ಅವಳಲ್ಲಿ ಉಳಿದಿದ್ದದ್ದು ಪಿಸುಮಾತು ಮಾತ್ರ.

ಕಾಶಮ್ಮ ಮಗನ ತಲೆ ಮೇಲೆ ಕೈಯಿಟ್ಟಳು.

"ಹೋದ್ರೆ ಹೋಗ್ಲಿ ಬಿಡೋ. ಆ ಪೆಟ್ಟಿಗೆ ಕೇಳ್ಲಿ ಅಂತ ಹಾಡಿದ್ನೇನು ನಾನು? ನೀನಿದ್ಯಲ್ಲ. ನಿನ್ನ ಮುಖ ನೋಡ್ಕೊಂಡೇ ಹಾಡ್ದೆ. ಆವತ್ತು ಮುಹೂರ್ತ ಆದ್ಮೇಲೆ ನೀನೇ ಅವಳಿಗೆ ಹೇಳು. ರಾಗ ಬರ್ದಿದ್ರೆ ಬ್ಯಾಡ, ಮಾತು ಹೇಳು ಸಾಕು. ಹೆತ್ತಪ್ಪನ ಬಾಯಲ್ಲಿ ಬಂದ್ರೆ ಇನ್ನೂ ಚೆಂದ."

ಅಶ್ವಿನಿಯ ಮುಖ ಒಮ್ಮೆಲೇ ಅರಳಿತು. ಬೆಳಗಿನಿಂದ ತಡೆದಿದ್ದ ಕಣ್ಣೀರು ಈಗ ಸುರಿಯಿತು. ಅಪ್ಪನ ಪಕ್ಕ ಬಂದು ಕೂತು ಅವನ ತೋಳು ಹಿಡಿದಳು.

"ಹೌದಲ್ಲ ಅಪ್ಪಾಜಿ! ನೀವು ಪೂರ್ತಿ ಕೇಳಿದೀರಲ್ಲ. ನಂಗಿದು ಹೊಳೀಲೇ ಇಲ್ಲ. ಈಗ ಎಲ್ಲ ಹೇಳ್ಬೇಡಿ, ಆವತ್ತೇ ಹೇಳಿ. ಒಂದೇ ಒಂದು ಹೇಳಿ, ನಾನು ಚಿಕ್ಕವಳಿದ್ದಾಗಿನ ಯಾವ ವಿಷ್ಯ ಹಾಕಿದ್ರು ಅಜ್ಜಿ?"

ರುದ್ರಮೂರ್ತಿ ಬಾಯಿ ತೆರೆದ. ನೆನಪು ಮಾಡಿಕೊಳ್ಳಲು ನೋಡಿದ. ಎಂಬತ್ತಾರು ಬಂತು. ಎಂಬತ್ತೊಂಬತ್ತು ಬಂತು. ಕೆಂಪು ಬಂತು, ಹಸಿರು ಬಂತು. ಅವ್ವ ಕಣ್ಣೊರೆಸಿಕೊಂಡದ್ದು ಬಂತು, ಯಾವ ಮಾತಿಗೆ ಒರೆಸಿಕೊಂಡಳೆಂಬುದು ಬರಲಿಲ್ಲ. ಮೊದಲ ಸಾಲನ್ನಾದರೂ ಹಿಡಿಯೋಣವೆಂದು ತಡಕಾಡಿದ. ಮಗಳ ಹೆಸರನ್ನು ಅವ್ವ ಎಲ್ಲಿ ಇಟ್ಟಿದ್ದಳೋ, ಅದೂ ಗೊತ್ತಾಗಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ನಾನು ಕೇಳಿಸ್ಕೊಳ್ಲಿಲ್ಲ ಕಣವ್ವಾ," ಎಂದ ತಾಯಿಯ ಕಡೆ ತಿರುಗಿ.

ಅಶ್ವಿನಿಯ ಹಿಡಿತ ಸಡಿಲವಾಯಿತು. ಕಾಶಮ್ಮ ಮಂಚದ ಮೇಲೆ ಮೆಲ್ಲಗೆ ಎದ್ದು ಕೂತು ಮಗನ ಮುಖವನ್ನೇ ನೋಡಿದಳು.

"ಎದುರಿಗೇ ಕೂತಿದ್ಯಲ್ಲೋ, ರುದ್ರ," ಎಂದಳು.